ಸಂಕ ದಾಟುವ ಮುನ್ನ



ಮಳೆಗಾಲ ಶುರುವಾಯಿತೆಂದರೆ ಬೆನ್ನಿಗೊಂದು ಚೀಲ ಏರಿಸಿ ಕರ್ಜತ್ ಲೋಕಲ್ ಹಿಡಿಯುವವರು ನಿಮ್ಮಲ್ಲಿ ಬಹಳ ಮಂದಿ. ರಾಜಮಾಚಿ, ಲೋಹಗಡ, ಹರಿಶ್ಚಂದ್ರಗಡ ಎಲ್ಲ ನಿಮಗೆ ಬಾಯಿಪಾಠ. ಅದೇ ಸಹ್ಯಾದ್ರಿ ದಕ್ಷಿಣಕ್ಕೆ ಸಾಗಿ ನಮ್ಮ ಉತ್ತರ ಕನ್ನಡ ಜಿಲ್ಲೆಯನ್ನು ಹೊಕ್ಕಾಗ ಹೇಗಿರುತ್ತದೆಂದು ನಡೆದು ನೋಡಿದ್ದೀರಾ? ಮುಂಬಯಿಯಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಊರೆಂದರೆ ಮದುವೆ, ಮುಂಜಿ, ದೇವರ ದರ್ಶನ, ಅಜ್ಜಿ ಮನೆಯ ಊಟ. ರೈಲಿನಿಂದ ಕಾರಿಗೆ, ಕಾರಿನಿಂದ ಮನೆಯೊಳಕ್ಕೆ. ಊರಿನ ದಾರಿಯನ್ನು ನಡೆದು ಬಲ್ಲವರು ಕಡಿಮೆ. ಅದಕ್ಕೇ ಈ ಸಲ ನಿಮಗೊಂದು ಹೊಳೆಯ ಪರಿಚಯ ಮಾಡಿಸೋಣವೆನಿಸಿತು.

ಹೊಳೆಯ ಹೆಸರು ಅಘನಾಶಿನಿ. ಪಾಪವನ್ನು ಕಳೆಯುವವಳು ಎಂದು ಅರ್ಥ. ಶಿರಸಿಯ ಶಂಕರ ಹೊಂಡ ಮತ್ತು ಮಂಜುಗುಣಿಯ ಕಡೆ ಹುಟ್ಟಿ, ಘಟ್ಟ ಇಳಿದು, ಕುಮಟಾ ತಾಲೂಕಿನಲ್ಲಿ ಸಮುದ್ರ ಸೇರುತ್ತಾಳೆ. ಒಟ್ಟು ಹಾದಿ ಸುಮಾರು 120 ಕಿ.ಮೀ. ಉತ್ತರದ ಕಾಳಿಗೆ, ದಕ್ಷಿಣದ ಶರಾವತಿಗೆ ದೊಡ್ಡ ಅಣೆಕಟ್ಟುಗಳಿವೆ. ಇವಳಿಗೆ ಅಂಥದೊಂದೂ ಇಲ್ಲ. ಹುಟ್ಟಿದಲ್ಲಿಂದ ಕಡಲಿನವರೆಗೆ ತನ್ನಿಚ್ಛೆಯಂತೆ ಹರಿಯುವ ಹೊಳೆಗಳು ನಮ್ಮ ಪಶ್ಚಿಮ ಘಟ್ಟದಲ್ಲಿ ಈಗ ಬೆರಳೆಣಿಕೆಯಷ್ಟೇ.

ಅಲ್ಲಿ ನಡೆಯುವುದು ಕೋಟೆ ಹತ್ತಿದಂತಲ್ಲ. ತುದಿಯಲ್ಲಿ ಬಾವುಟ ಕಾಣುವುದಿಲ್ಲ. ಅಡಿಕೆ ತೋಟದ ಅಂಚಿನಿಂದ ಹೊರಟ ಕಾಲುದಾರಿ ಕಾಡು ಹೊಕ್ಕು, ಹಳ್ಳ ದಾಟಿ, ಇನ್ನೊಂದು ತೋಟದಲ್ಲಿ ಏಳುತ್ತದೆ. ಸೊಪ್ಪು ತರುವವರು, ಶಾಲೆಗೆ ಹೋಗುವ ಮಕ್ಕಳು, ದನ ಹುಡುಕುವವರು ಇವರೆಲ್ಲ ದಿನವೂ ನಡೆದು ಮಾಡಿದ ದಾರಿಯದು.

ಕೆಲವು ವರ್ಷಗಳ ಹಿಂದೆ ಅಕ್ಟೋಬರಿನಲ್ಲಿ ಕಾಲೇಜಿನಲ್ಲಿದ್ದ ನನ್ನ ಮಗನೊಡನೆ ಸಿದ್ದಾಪುರದ ಕಡೆ ಹೀಗೊಂದು ದಾರಿಯಲ್ಲಿ ಹೊರಟಿದ್ದೆ. ಅವನು ಮೊಬೈಲಿನ ನಕ್ಷೆ ಹಿಡಿದು ಮುಂದೆ, ನಾನು ಹಿಂದೆ. ಸೊಪ್ಪಿನ ಹೊರೆ ಹೊತ್ತ ಅಜ್ಜಿಯೊಬ್ಬರು ಎದುರಾದರು. "ತಮಾ, ಆ ಬದಿಗೆ ಹೋಗಬೇಡ, ಸಂಕ ಇಲ್ಲ" ಎಂದರು. ಮಗ ನಗುತ್ತ ತಲೆಯಾಡಿಸಿ ಮುಂದೆ ನಡೆದೇಬಿಟ್ಟ. ನಾನು ಕೂಗಿ ನಿಲ್ಲಿಸಿದೆ. "ಅಜ್ಜಿ ಏನಂದರು ಗೊತ್ತಾಯಿತೇನೋ?" "ಗೊತ್ತಾಯಿತಮ್ಮ. ಶಂಕಾ ಇಲ್ಲ, ಡೌಟೇ ಬೇಡ ಅಂದರು!"

ಹಿಂದಿ, ಮರಾಠಿ ಕೇಳಿ ಬೆಳೆದ ಹುಡುಗ. ಅವನಿಗೆ ಹಾಗೆ ಕೇಳಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಸಂಕವೆಂದರೆ ಹಳ್ಳಕ್ಕೆ ಅಡ್ಡಲಾಗಿ ಅಡಿಕೆ ಮರವನ್ನೋ ಕಾಡುಮರವನ್ನೋ ಹಾಕಿ ಕಟ್ಟಿದ ಕಾಲುಸೇತುವೆ. ಮಳೆಗಾಲದ ನೆರೆಗೆ ಅದು ಕೊಚ್ಚಿಹೋಗುವುದುಂಟು, ಮತ್ತೆ ಊರವರೇ ಕಟ್ಟಬೇಕು. ಹತ್ತು ಹೆಜ್ಜೆ ಮುಂದೆ ಹೋಗಿ ನೋಡಿದೆವು. ಪೊದೆಯ ಆಚೆ ದಾರಿ ಥಟ್ಟನೆ ಮುಗಿದಿತ್ತು. ಕೆಳಗೆ ಕೆಂಪು ನೀರು ಭರದಿಂದ ಹೋಗುತ್ತಿತ್ತು. ನಕ್ಷೆಯಲ್ಲಿ ಮಾತ್ರ ದಾರಿ ಆಚೆ ದಡಕ್ಕೂ ಹೋಗಿತ್ತು.

ನಾನು ಅವನನ್ನು ಬೈಯಲಿಲ್ಲ. ಮನೆಯಲ್ಲಿ ಕನ್ನಡವನ್ನೇ ಆಡಬೇಕೆಂದು ಹಟ ಹಿಡಿದು ಸಾಕಿದವಳು ನಾನು. ಆದರೆ ಮೂರನೇ ಮಹಡಿಯ ಮನೆಯಲ್ಲಿ ಸಂಕದ ಮಾತು ಎಲ್ಲಿಂದ ಬರಬೇಕು? ತವರಿನಿಂದ ನಾನು ತಂದ ಎಷ್ಟೋ ಮಾತುಗಳು ನನ್ನಲ್ಲೇ ಉಳಿದುಬಿಟ್ಟಿದ್ದವು. ಆ ಹಳ್ಳದ ದಂಡೆಯಲ್ಲಿ ನಿಂತಾಗ ಅದು ನನಗೆ ಚುಚ್ಚಿತು.

ಆದ್ದರಿಂದ ನೀವು ಹೊರಡುವ ಮುಂಚೆ ಬೂಟಿನ ಜೊತೆಗೆ ನಾಲ್ಕು ಮಾತುಗಳನ್ನೂ ಕಟ್ಟಿಕೊಳ್ಳಿ. "ಅಲ್ಲಿ ಮಡು ಇದೆ" ಎಂದರೆ ಹೊಳೆಯಲ್ಲಿ ಆಳವಾದ ಗುಂಡಿಯಿದೆ, ಮೇಲೆ ನೀರು ಶಾಂತವಾಗಿ ಕಂಡರೂ ಇಳಿಯಬೇಡಿ ಎಂದರ್ಥ. ಕಾನು ಎಂದರೆ ದಟ್ಟ ನಿತ್ಯಹಸಿರು ಕಾಡು. ಬೆಟ್ಟ ಎಂದರೆ ಆ ಸೀಮೆಯಲ್ಲಿ ಬರೀ ಗುಡ್ಡವಲ್ಲ. ತೋಟಕ್ಕೆ ಸೊಪ್ಪು ತರಲೆಂದು ಬಿಟ್ಟ ಕಾಡಿಗೆ ಸೊಪ್ಪಿನ ಬೆಟ್ಟ ಎನ್ನುತ್ತಾರೆ. ಅಲ್ಲಿ ಕೊಂಬೆ ಮುರಿದರೆ ಒಬ್ಬರ ತೋಟದ ಗೊಬ್ಬರ ಮುರಿದಂತೆ. ಜಡ್ಡಿ ಎಂದರೆ ಜೌಗು. ಕತ್ತಲೆಕಾನಿನಲ್ಲಿ ರಾಂಪತ್ರೆ ಜಡ್ಡಿಯಿದೆ. ಅಲ್ಲಿನ ಮರಗಳ ಬೇರು ಉಸಿರಾಡಲು ಮಣ್ಣಿನಿಂದ ಮೇಲೆದ್ದು ಮೊಣಕಾಲಿನಂತೆ ಬಾಗಿರುತ್ತವೆ. ಅದರ ಮೇಲೆ ಕಾಲಿಡಬಾರದು.

ಇನ್ನು ಸಿಂಗಳೀಕ. ಕಪ್ಪು ಮೈ, ಮುಖದ ಸುತ್ತ ಬೂದು ಕೇಸರ, ಸಿಂಹದಂಥ ಬಾಲ. ಜಗತ್ತಿನಲ್ಲಿ ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ಕಾಡಿನಲ್ಲಿ ಇರದ ಮಂಗವಿದು. ಅದಕ್ಕಾಗಿಯೇ 2011ರಲ್ಲಿ ಈ ಹೊಳೆಯ ಕಣಿವೆಯನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಿದರು. ಕಂಡರೆ ತಿಂಡಿ ಎಸೆಯಬೇಡಿ, ದೂರದಿಂದ ನೋಡಿ.

ಮೊದಲ ಸಲ ಹೋಗುವವರು ಉಂಚಳ್ಳಿ ಜಲಪಾತದಿಂದ ಆರಂಭಿಸಬಹುದು. ಅಘನಾಶಿನಿ ಅಲ್ಲಿ 116 ಮೀಟರ್ ಧುಮುಕುತ್ತಾಳೆ. ಕಿವಿ ಕಿವುಡಾಗುವಷ್ಟು ಸದ್ದೆಂದು ಊರವರು ಕೆಪ್ಪಜೋಗ ಎನ್ನುತ್ತಾರೆ. 1845ರಲ್ಲಿ ಲಷಿಂಗ್ಟನ್ ಎಂಬ ಕಲೆಕ್ಟರ್ ಇದನ್ನು ನೋಡಿದನೆಂದು ಪುಸ್ತಕಗಳಲ್ಲಿ ಅವನ ಹೆಸರೇ ಉಳಿದಿದೆ. ಕೆಪ್ಪಜೋಗವೆಂದು ಕರೆದವರು ಅದಕ್ಕೂ ಮೊದಲೇ ಅಲ್ಲಿದ್ದರಲ್ಲ!

ಕೆಲವು ಎಚ್ಚರಿಕೆಗಳು. ಭರ್ತಿ ಮಳೆಯಲ್ಲಿ ಹೋಗಬೇಡಿ, ಅಕ್ಟೋಬರ್–ನವೆಂಬರ್ ಒಳ್ಳೆಯದು. ಉಂಬಳ ಹತ್ತಿದರೆ ಹೆದರಿ ಕೀಳಬೇಡಿ, ಸ್ವಲ್ಪ ಉಪ್ಪು ಮುಟ್ಟಿಸಿ. ಚಳಿಗಾಲದ ಆರಂಭದಿಂದ ಬೇಸಿಗೆಯವರೆಗೆ ಮಂಗನ ಕಾಯಿಲೆಯ ಭಯ ಹೆಚ್ಚು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಿಸಿದ ಈ ಜ್ವರ ಉಣ್ಣಿ ಕಚ್ಚಿ ಬರುತ್ತದೆ. ಆಗ ಕಾಡು ಹೊಗದಿರುವುದೇ ಲೇಸು. ಮಂಗ ಸತ್ತ ಸುದ್ದಿಯಿದ್ದರಂತೂ ಆ ಕಡೆ ತಲೆ ಹಾಕಬೇಡಿ. ಅರಣ್ಯ ಇಲಾಖೆಯ ಅನುಮತಿ ಬೇಕಾದಲ್ಲಿ ಪಡೆದೇ ಹೊರಡಿ, ಊರವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಅವರ ದಿನದ ಕೂಲಿಯನ್ನು ಚೌಕಾಸಿ ಮಾಡದೆ ಕೊಡಿ.

ಕೊಂಕಣ ರೈಲಿನಲ್ಲಿ ಬಂದರೆ ಕುಮಟಾದಲ್ಲಿ ಇಳಿಯಿರಿ. ಘಟ್ಟ ಹತ್ತುವ ಮುಂಚೆ ಹೊಳೆಯ ಕೊನೆಯನ್ನೂ ನೋಡಿ. ಉಪ್ಪುನೀರಿನ ಗಜನಿ ಗದ್ದೆಗಳಲ್ಲಿ ಬೆಳೆಯುವ ಕಗ್ಗ ಭತ್ತ, ನೀರಿನಲ್ಲಿ ನಿಂತು ಬಳಚು ಹೆಕ್ಕುವ ಹೆಂಗಸರು, ದಂಡೆಯ ಕಾಂಡ್ಲ ಗಿಡಗಳು. 2024ರಲ್ಲಿ ಈ ಅಳಿವೆಗೆ ರಾಮ್ಸಾರ್ ಮನ್ನಣೆ ಸಿಕ್ಕಿದೆ. ಮೇಲಿನ ಕಾಡಿನಿಂದ ಸಿಹಿನೀರು ತಡೆಯಿಲ್ಲದೆ ಬರುವುದರಿಂದಲೇ ಈ ಬದುಕೆಲ್ಲ ನಡೆದಿದೆ.

ಅಂದು ಅಜ್ಜಿ ತೋರಿಸಿದ ಸುತ್ತುದಾರಿಯಲ್ಲಿ ನಾವು ಕತ್ತಲಾಗುವಷ್ಟರಲ್ಲಿ ಊರು ಸೇರಿದೆವು. ಮರುದಿನ ನನ್ನ ಮಗ ಎದುರಿಗೆ ಸಿಕ್ಕವರನ್ನೆಲ್ಲ "ಮುಂದೆ ಸಂಕ ಇದೆಯಾ?" ಎಂದು ಕೇಳುತ್ತಿದ್ದ. ಕೇಳಿದವನಿಗೆ ಒಂದು ಮನೆಯಲ್ಲಿ ಮಜ್ಜಿಗೆಯೂ ಸಿಕ್ಕಿತು.

ನಿಮ್ಮ ಹಿರಿಯರು ಕರಾವಳಿಯವರಿರಬಹುದು, ಮಲೆನಾಡಿನವರಿರಬಹುದು, ಬಯಲುಸೀಮೆಯವರಿರಬಹುದು. ಇಂದು ರಾತ್ರಿ ಊಟಕ್ಕೆ ಕುಳಿತಾಗ ಅವರನ್ನೊಮ್ಮೆ ಕೇಳಿ ನೋಡಿ, ನಿಮ್ಮೂರಲ್ಲಿ ಹಳ್ಳ ಹೇಗೆ ದಾಟುತ್ತಿದ್ದಿರಿ, ಅದಕ್ಕೇನು ಹೆಸರು ಎಂದು. ಚೀಲ ಆಮೇಲೆ ಕಟ್ಟಿದರಾಯಿತು.