ರಜೆಗೆ ಮುಂಚೆ ಎರಡು ದಿನ: ನಾಲ್ಕು ಊರು, ನೂರು ಚಾ

ಶನಿವಾರ ಬೆಳಿಗ್ಗೆ ಉಡುಪಿ ಬಸ್ ನಿಲ್ದಾಣದಲ್ಲಿ ಹೆಗಲಿಗೆ ಬಟ್ಟೆಯ ಚೀಲ, ಕೈಯಲ್ಲಿ ಪುಸ್ತಕದ ಕಟ್ಟು ಹಿಡಿದ ನಾಲ್ಕು ಮಂದಿ ಇಳಿದರೆಂದರೆ ಅಂಗಡಿಯವರಿಗೆ ಕೂಡಲೇ ಗೊತ್ತಾಗುತ್ತದೆ, ಸಾಹಿತಿಗಳು ಬಂದರು! ಯಾತ್ರಿಕರಾದರೆ ಮಠದ ದಾರಿ ಕೇಳುತ್ತಾರೆ. ಇವರು ಕೇಳುವುದು, ‘ಇಲ್ಲಿ ಒಳ್ಳೆ ಚಾ ಎಲ್ಲುಂಟು ಮಾರಾಯ್ರೆ?’

ಎಪ್ರಿಲ್ ಕೊನೆಯ ಒಂದು ಶನಿವಾರ ಎಂದಿಟ್ಟುಕೊಳ್ಳಿ. ಶಾಲೆಗೆ ರಜೆ ಸಿಕ್ಕಿದೆ. ಉಡುಪಿಯ ಒಬ್ಬ ಮಾಸ್ತ್ರು ಸೋಮವಾರ ಬೆಳಿಗ್ಗೆ ಹೆಂಡತಿಯ ಜೊತೆ ಘಟ್ಟ ಹತ್ತಿ ತೀರ್ಥಹಳ್ಳಿ ಕಡೆಯ ನೆಂಟರ ಮನೆಗೆ ಹೊರಡಲಿಕ್ಕುಂಟು. ಹತ್ತು ದಿನ ಅಡಿಕೆ ತೋಟದ ನೆರಳು, ಮಧ್ಯಾಹ್ನದ ನಿದ್ದೆ, ಮಾತಿಲ್ಲ ಕತೆಯಿಲ್ಲ. ಅಷ್ಟರಲ್ಲಿ ಪತ್ರ ಬಂತು: ‘ಧಾರವಾಡ, ಬೆಂಗಳೂರು, ಕಾಸರಗೋಡಿನ ಗೆಳೆಯರು ಸೇರಿ ಬರುತ್ತೇವೆ. ಎರಡೇ ದಿನ. ಏನೂ ತೊಂದರೆ ಮಾಡಿಕೊಳ್ಳಬೇಡಿ.’

ಮಾಸ್ತ್ರ ಹೆಸರು ಬೇಡ. ಈ ಜಿಲ್ಲೆಯಲ್ಲಿ ಇಂಥ ಮನೆ ಒಂದಲ್ಲ, ಹತ್ತಾರು ಉಂಟು. ‘ತೊಂದರೆ ಮಾಡಿಕೊಳ್ಳಬೇಡಿ’ ಎಂದರೆ ಎಂತದ್ದು ಎಂದು ಆ ಮನೆಗಳ ಹೆಂಗಸರಿಗೆಲ್ಲ ಗೊತ್ತು. ಎರಡು ಸೇರು ಅಕ್ಕಿ ಹೆಚ್ಚು ನೆನೆಸುವುದು, ಮಟ್ಟುಗುಳ್ಳ ತರಿಸುವುದು, ಪಕ್ಕದ ಮನೆಯಿಂದ ಚಾಪೆ ಕೇಳುವುದು.

ಶನಿವಾರದ ಓಟ

ಬೆಳಿಗ್ಗೆ ನೀರುದೋಸೆ ತಿಂದು ಎದ್ದವರು ನೇರ ಎಂ.ಜಿ.ಎಂ. ಕಾಲೇಜಿಗೆ. ಅಲ್ಲಿ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರ ಉಂಟು. ಯು.ಪಿ. ಉಪಾಧ್ಯಾಯರ ಸಂಪಾದಕತ್ವದ ತುಳು ನಿಘಂಟಿನ ಆರು ಸಂಪುಟಗಳು ಹೊರಬಂದದ್ದು ಅಲ್ಲಿಂದ, 1988ರಿಂದ 1997ರ ನಡುವೆ. ಪ್ರಾಂಶುಪಾಲರಾಗಿದ್ದ ಕು.ಶಿ. ಹರಿದಾಸ ಭಟ್ಟರು ಶಿವರಾಮ ಕಾರಂತರನ್ನು ಜೊತೆಗಿಟ್ಟುಕೊಂಡು ಯಕ್ಷಗಾನ ಕೇಂದ್ರ ಕಟ್ಟಿದ್ದೂ ಈ ಕಾಲೇಜಿನ ಆಸರೆಯಲ್ಲೇ. ಧಾರವಾಡದ ಗೆಳೆಯರು ಕಪಾಟಿನ ಎದುರು ನಿಂತರೆ ಕದಲುವ ಲಕ್ಷಣ ಇಲ್ಲ. ಮಾಸ್ತ್ರು ಗಡಿಯಾರ ನೋಡುತ್ತಾರೆ. ಮಧ್ಯಾಹ್ನ ಪುಸ್ತಕ ಬಿಡುಗಡೆ ಉಂಟು, ಅದರ ಮೊದಲು ಊಟ, ಊಟದ ಮೊದಲು ರಥಬೀದಿ.

ರಥಬೀದಿಯಲ್ಲಿ ಒಂದು ಸುತ್ತು ಬರುವಾಗ ನೆನಪುಗಳ ಗಂಟು ಬಿಚ್ಚುತ್ತದೆ. ಗೋಪಾಲಕೃಷ್ಣ ಅಡಿಗರು ಇದೇ ಊರಿನ ಪೂರ್ಣಪ್ರಜ್ಞ ಕಾಲೇಜಿನಲ್ಲಿ ಪ್ರಾಂಶುಪಾಲರಾಗಿದ್ದ ದಿನಗಳು; 2007ರ ಡಿಸೆಂಬರಿನಲ್ಲಿ ಎಲ್.ಎಸ್. ಶೇಷಗಿರಿರಾಯರ ಅಧ್ಯಕ್ಷತೆಯಲ್ಲಿ ಉಡುಪಿಯಲ್ಲೇ ನಡೆದ ಸಾಹಿತ್ಯ ಸಮ್ಮೇಳನ. ಒಬ್ಬರ ನೆನಪಿಗೆ ಇನ್ನೊಬ್ಬರ ತಿದ್ದುಪಡಿ. ತಿದ್ದುಪಡಿಗೆ ಮತ್ತೊಂದು ಚಾ. ಜೊತೆಗೆ ಗೋಳಿಬಜೆ.

ಬಿಡುಗಡೆ ಸಮಾರಂಭದಲ್ಲಿ ಭಾಷಣ ಮೂರು, ಕೇಳುಗರು ಮೂವತ್ತು. ಪುಸ್ತಕ ಕೊಂಡವರೆಷ್ಟು ಎಂದು ಕೇಳಬೇಡಿ. ಗೆಳೆಯರಿಗೆಲ್ಲ ಗೌರವ ಪ್ರತಿ. ದಿನಸಿ ಅಂಗಡಿಯವರು ಹೀಗೆ ಗೌರವ ಸಕ್ಕರೆ ಕೊಡಲು ಹೊರಟರೆ ವಾರದಲ್ಲಿ ಬಾಗಿಲು ಹಾಕಬೇಕಾದೀತು!

ಸಂಜೆ ಮಣಿಪಾಲ. 1960ರಲ್ಲಿ ಅ.ನ.ಕೃ. ಅಧ್ಯಕ್ಷರಾಗಿ ಸಾಹಿತ್ಯ ಸಮ್ಮೇಳನ ನಡೆದ ಗುಡ್ಡ ಇದು. ಕಾರಂತರು 1997ರ ಡಿಸೆಂಬರಿನಲ್ಲಿ ಕೊನೆಯುಸಿರೆಳೆದದ್ದೂ ಇಲ್ಲಿಯೇ. ಕುಂದಾಪುರದ ಅಡುಗೆಮನೆ, ಹಿತ್ತಲಿನ ಮಾತುಗಳನ್ನೇ ಕತೆ ಮಾಡಿ 2009ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದ ವೈದೇಹಿಯವರು ನೆಲೆಸಿದ ಊರು. ಟೈಗರ್ ಸರ್ಕಲಿನಲ್ಲಿ ಇಳಿದರೆ ಸುತ್ತ ಕಾಲೇಜು ಮಕ್ಕಳ ಜಾತ್ರೆ. ಅದರ ನಡುವೆ ಈ ನಾಲ್ವರು ನವ್ಯವೋ ಬಂಡಾಯವೋ ಎಂದು ನಿಂತಲ್ಲೇ ಜಗಳ. ಗೆಳೆಯರೊಬ್ಬರ ಮನೆಯಲ್ಲಿ ಆ ಜಗಳ ಮುಗಿಯುವಾಗ ರಾತ್ರಿ ಹನ್ನೊಂದು. ಬಸ್ಸಿಲ್ಲ. ರಿಕ್ಷಾದವನು ಡಬ್ಬಲ್ ಕೇಳಿದ, ಕೊಟ್ಟರು.

ಮನೆಗೆ ಬಂದರೆ ಊಟ ಮುಚ್ಚಿಟ್ಟಿದೆ. ಮನೆಯಾಕೆ ಎದ್ದು ಕೂತಿದ್ದಾರೆ.

‘ನೀವ್ಯಾಕೆ ಕಾದು ಕೂತದ್ದಕ್ಕ? ಮಲಗಬಹುದಿತ್ತು’ ಎಂದರು ಕಾಸರಗೋಡಿನವರು.

‘ಸಾರು ಬಿಸಿ ಮಾಡ್ಲಿಕ್ಕೆ ನಿಮ್ಮ ವಿಮರ್ಶಕರು ಬರ್ತಾರಾ?’

ಅಲ್ಲಿಗೆ ಆ ರಾತ್ರಿಯ ಚರ್ಚೆ ಮುಗಿಯಿತು.

ಕಾಪುವಿನ ಗಾಳಿ

ಆದಿತ್ಯವಾರ ಬೆಳಿಗ್ಗೆ ಮಂಗಳೂರು ಕಡೆಯ ಬಸ್ಸು. ‘ದುಂಬು ಪೋಲೆ, ದುಂಬು ಪೋಲೆ’ ಎಂದು ಕಂಡಕ್ಟರು ನೂಕಿದ ನೂಕಿಗೆ ಬೆಂಗಳೂರಿನವರ ಕನ್ನಡಕ ಒಬ್ಬ ಮೀನಿನ ಹೆಂಗಸಿನ ಬುಟ್ಟಿಗೆ ಬಿತ್ತು. ಆಕೆ ಸೆರಗಿನಲ್ಲಿ ಒರೆಸಿ ಕೊಟ್ಟರು. ‘ಇದು ಕವಿತೆ ಆಗ್ತದೆ’ ಎಂದರು ಅವರು. ‘ಮೊದಲು ಟಿಕೆಟ್ ಆಗ್ಲಿ’ ಎಂದ ಕಂಡಕ್ಟರು.

ಕಾಪುವಿನ ದೀಪಸ್ತಂಭ ಕಡಲಂಚಿನ ಬಂಡೆಯ ಮೇಲೆ ನಿಂತದ್ದು 1901ರಲ್ಲಿ. ಎತ್ತರ ಸುಮಾರು 27 ಮೀಟರ್. ಕೆಳಗೆ ನಿಂತರೆ ಮಾತು ಕೇಳದಷ್ಟು ಗಾಳಿ. ಎರಡು ದಿನದಲ್ಲಿ ಮೊದಲ ಬಾರಿಗೆ ನಾಲ್ವರೂ ಬಾಯಿ ಮುಚ್ಚಿ ಕೂತರು. ಮಾಸ್ತ್ರಿಗೆ ರಜೆ ಅಲ್ಲಿಯೇ ಶುರುವಾದ ಹಾಗಾಯಿತು. ಆದರೆ ಕಾಲು ಗಂಟೆಯಷ್ಟೇ. ಪಡುಬಿದ್ರಿಗೆ ಹೋಗಿ ಕಾರ್ಕಳದ ಬಸ್ಸು ಹಿಡಿಯಬೇಕು. ದಾರಿಯಲ್ಲಿ ಬೆಳ್ಮಣ್ಣಿನ ಹತ್ತಿರ ನಂದಳಿಕೆ.

ರಜೆ ಸಿಗದವನ ಊರು

ನಂದಳಿಕೆ ಎಂದರೆ ಮುದ್ದಣನ ಊರು. ಲಕ್ಷ್ಮೀನಾರಣಪ್ಪ ಹುಟ್ಟಿದ್ದು 1870ರಲ್ಲಿ, ಬಡ ಮನೆಯಲ್ಲಿ. ಹೊಟ್ಟೆಪಾಡಿಗೆ ಉಡುಪಿಯ ಶಾಲೆಯಲ್ಲಿ ಅಂಗಸಾಧನೆಯ ಮಾಸ್ತ್ರಿಕೆ, ಅಂದರೆ ಇಂದಿನ ಡ್ರಿಲ್ ಮಾಸ್ತ್ರು. ನಡುವೆ ಕೆಲವು ಕಾಲ ಕುಂದಾಪುರ. ಹಗಲು ಮಕ್ಕಳಿಗೆ ಕಸರತ್ತು, ಉಳಿದ ಹೊತ್ತಿನಲ್ಲಿ ಓದು, ಬರಹ. ‘ರತ್ನಾವತಿ ಕಲ್ಯಾಣ’, ‘ಕುಮಾರವಿಜಯ’ ಎಂಬ ಎರಡು ಯಕ್ಷಗಾನ ಪ್ರಸಂಗ ಬರೆದರು. ಆಮೇಲೆ ‘ಅದ್ಭುತ ರಾಮಾಯಣ’, ‘ಶ್ರೀರಾಮ ಪಟ್ಟಾಭಿಷೇಕ’, ‘ಶ್ರೀರಾಮಾಶ್ವಮೇಧ’.

ಈಗಿನವರು ಪುಸ್ತಕದ ಮೇಲೆ ಹೆಸರು ಸಣ್ಣದಾಯಿತೆಂದು ಮುನಿಸಿಕೊಳ್ಳುತ್ತಾರೆ. ಆ ಮನುಷ್ಯ ತನ್ನ ಹೆಸರನ್ನೇ ಹಾಕಲಿಲ್ಲ. ಹಳೆಯ ಕಾಲದ ಕಾವ್ಯ ಸಿಕ್ಕಿದೆ ಎಂದು ಮೈಸೂರಿನ ಪತ್ರಿಕೆಯವರಿಗೆ ಅಂಚೆಯಲ್ಲಿ ಕಳಿಸಿದರು. ಅಲ್ಲಿನ ಪಂಡಿತರೂ ಹಳೆಯ ಕವಿಯದೇ ಎಂದು ನಂಬಿ ಅಚ್ಚು ಹಾಕಿದರು. ಉಡುಪಿಯ ಡ್ರಿಲ್ ಮಾಸ್ತ್ರೇ ಆ ಕವಿ ಎಂದು ಲೋಕಕ್ಕೆ ಗೊತ್ತಾಗುವಾಗ ಅವರು ಇಲ್ಲ. ಕ್ಷಯ ಹಿಡಿದು 1901ರ ಫೆಬ್ರವರಿಯಲ್ಲಿ ತೀರಿಹೋಗಿದ್ದರು. ವಯಸ್ಸು 31. ಕಾಪುವಿನಲ್ಲಿ ದೀಪಸ್ತಂಭ ಎದ್ದ ಅದೇ ವರ್ಷ.

‘ಶ್ರೀರಾಮಾಶ್ವಮೇಧ’ದಲ್ಲಿ ಏನುಂಟು? ಮಳೆಗಾಲ. ಗಂಡ ಮನೆಯಲ್ಲಿದ್ದಾನೆ. ಹೊತ್ತು ಹೋಗಲಿಕ್ಕೆ ಒಂದು ಕತೆ ಹೇಳಿ ಎಂದು ಹೆಂಡತಿ ಮನೋರಮೆ ಕೇಳುತ್ತಾಳೆ. ನಡುನಡುವೆ ಛೇಡಿಸುತ್ತಾಳೆ, ತಡೆಯುತ್ತಾಳೆ, ಅರ್ಥವಾಗುವ ಹಾಗೆ ಹೇಳಿ ಎನ್ನುತ್ತಾಳೆ. ಬಿಡುವು, ಬೆಚ್ಚಗಿನ ಮನೆ, ಎದುರು ಕೂತು ಕೇಳುವ ಒಂದು ಜೀವ. ಬಡತನದಲ್ಲಿ, ಕಾಯಿಲೆಯಲ್ಲಿ ಬರೆಯುತ್ತಿದ್ದವರು ಪುಸ್ತಕದೊಳಗೆ ತನಗೆ ತಾನೇ ಕೊಟ್ಟುಕೊಂಡ ರಜೆ ಅದು.

ನಂದಳಿಕೆಯಲ್ಲಿ ನಾಲ್ವರೂ ಕೈಮುಗಿದರು, ಫೋಟೋ ತೆಗೆದರು. ‘ಆಗ ನಾವಿದ್ದಿದ್ದರೆ ಅವರ ಮನೆಗೆ ಖಂಡಿತ ಹೋಗುತ್ತಿದ್ದೆವು’ ಎಂದು ಬೆಂಗಳೂರಿನವರು ನಿಟ್ಟುಸಿರು ಬಿಟ್ಟರು.

ಕಾರ್ಕಳದ ಕೊನೆಯ ಮನೆ

ಕಾರ್ಕಳದಲ್ಲಿ ಬಂಡೆ ಹತ್ತಿ ಗೊಮ್ಮಟನ ದರ್ಶನವೂ ಆಯಿತು. ವೀರಪಾಂಡ್ಯ ಭೈರರಸ 1432ರಲ್ಲಿ ನಿಲ್ಲಿಸಿದ 42 ಅಡಿಯ ಮೂರ್ತಿ. ಎದುರಿನ ಗುಡ್ಡದಲ್ಲಿ ಚತುರ್ಮುಖ ಬಸದಿ. ಇಳಿಯುವಾಗ ಐದೂವರೆ. ಕಾಲು ಸೋತಿತ್ತು, ನಾಲಿಗೆಯೂ ಸೋತಿತ್ತು. ಕಾಸರಗೋಡಿನವರು ಮಂಗಳೂರು ಬಸ್ಸು ಹಿಡಿಯಬೇಕು. ಉಳಿದಿಬ್ಬರಿಗೆ ರಾತ್ರಿ ಉಡುಪಿಯಿಂದ ಬಸ್ಸು. ಮಾಸ್ತ್ರು ಇನ್ನೂ ಪೆಟ್ಟಿಗೆ ಕಟ್ಟಿಲ್ಲ.

ಪಟ್ಟಿಯಲ್ಲಿ ಒಂದು ಮನೆ ಬಾಕಿ ಇತ್ತು. ಊರಿನ ಒಬ್ಬ ವೃದ್ಧ ಲೇಖಕರು. ಒಂದು ಕಾಲದಲ್ಲಿ ಇವರೆಲ್ಲರ ಮೊದಲ ಬರಹ ತಿದ್ದಿದವರು. ಈಗ ಬರೆಯುವುದಿಲ್ಲ, ಹೊರಗೆ ಬರುವುದೂ ಇಲ್ಲ.

‘ಈಗ ಹೊತ್ತಾಯ್ತಲ್ಲ. ಮುಂದಿನ ಸಲ ನಿಧಾನವಾಗಿ ಹೋಗುವ’ ಎಂದರು ಒಬ್ಬರು. ಉಳಿದವರಿಗೂ ಅದೇ ಬೇಕಿತ್ತು. ಮಾಸ್ತ್ರು ಅಂಗಡಿಯ ಎದುರು ನಿಂತು ಮನೆಗೆ ಫೋನು ಮಾಡಿದರು, ‘ಹೊರಟೆವು’ ಎಂದು.

‘ಅವ್ರ ಮನೆಗೆ ಹೋಗಿ ಆಯ್ತಾ?’ ಮನೆಯಾಕೆ ಕೇಳಿದರು.

‘ಇಲ್ಲ. ಎಲ್ರಿಗೂ ಸುಸ್ತು...’

‘ನೂರು ವರ್ಷದ ಹಿಂದೆ ಸತ್ತವ್ರನ್ನು ನೋಡ್ಲಿಕ್ಕೆ ಪುರ್ಸೊತ್ತು ಉಂಟು. ಬದುಕಿದ್ದವ್ರನ್ನು ನೋಡ್ಲಿಕ್ಕೆ ಇಲ್ವಾ? ಪೆಟ್ಟಿಗೆ ನಾನು ಕಟ್ತೇನೆ. ನೀವು ಹೋಗಿ ಬನ್ನಿ.’

ಹೋದರು. ಒಂದು ಕಿಲೊ ಕಿತ್ತಳೆ ಕೊಂಡು ಹೋದರು. ಹಿರಿಯರಿಗೆ ಇಬ್ಬರ ಗುರುತು ಹತ್ತಿತು, ಇಬ್ಬರದು ಹತ್ತಲಿಲ್ಲ. ನವ್ಯದ ಮಾತಿಲ್ಲ, ಬಂಡಾಯದ ಮಾತಿಲ್ಲ. ‘ಊಟ ಆಯ್ತಾ? ಬಸ್ಸು ಎಷ್ಟೊತ್ತಿಗೆ?’ ಇಷ್ಟೇ ಮಾತು. ಹೊರಡುವಾಗ ಮಾತ್ರ ಅವರು ಮಾಸ್ತ್ರ ಕೈ ಹಿಡಿದು, ‘ಈಗ ಎಂತ ಬರೀತಾ ಇದ್ದಿ?’ ಎಂದರು. ಮಾಸ್ತ್ರಿಗೆ ಉತ್ತರ ಬರಲಿಲ್ಲ. ಎರಡು ದಿನ ಎಷ್ಟು ಭಾಷಣ ಕೇಳಿದರೂ ಈ ಪ್ರಶ್ನೆ ಒಬ್ಬರೂ ಕೇಳಿರಲಿಲ್ಲ.

ಇಪ್ಪತ್ತು ನಿಮಿಷದ ಭೇಟಿ. ಒಂದು ಬಸ್ಸು ತಪ್ಪಿತು, ಮುಂದಿನದು ಸಿಕ್ಕಿತು.

ಸಮ್ಮೇಳನ ಬೇಕು, ಬಿಡುಗಡೆ ಬೇಕು, ಗೋಳಿಬಜೆಯೂ ಬೇಕು. ಆದರೆ ಬರೆಯುವವನಿಗೆ ಬೇಕಾದ ಗೆಳೆತನ ಹೆಚ್ಚಿನ ಪಾಲು ಇಂಥ ಇಪ್ಪತ್ತು ನಿಮಿಷದ್ದು. ಮುದ್ದಣನಿಗೆ ಕಡಿಮೆಯಾದದ್ದು ಪ್ರತಿಭೆಯಲ್ಲ. ತಾನೇ ಬರೆದದ್ದೆಂದು ಧೈರ್ಯವಾಗಿ ಹೇಳಿಕೊಳ್ಳುವಷ್ಟು ಆದರ, ಮೈ ಸುಧಾರಿಸಿಕೊಳ್ಳುವಷ್ಟು ಬಿಡುವು. ಇವೆರಡೂ ಅಂಗಡಿಯಲ್ಲಿ ಸಿಗುವ ಸಾಮಾನಲ್ಲ. ಮನೆಯ ಬಾಗಿಲು ತಟ್ಟುವವರು ತರಬೇಕು.

ಸೋಮವಾರ ಬೆಳಿಗ್ಗೆ ಘಟ್ಟದ ಬಸ್ಸಿನಲ್ಲಿ ಗಂಡ ಹೆಂಡತಿ ಕೂತರು. ಹೆಬ್ರಿ ದಾಟುವಾಗ ಮನೆಯಾಕೆಗೆ ನಿದ್ದೆ ಹತ್ತಿತು. ಎರಡು ದಿನದ ನಿದ್ದೆ ಬಾಕಿ ಇತ್ತಲ್ಲ! ಮಾಸ್ತ್ರು ಮಾತ್ರ ಟಿಕೆಟಿನ ಹಿಂಬದಿಯಲ್ಲಿ ಏನೋ ಗೀಚುತ್ತಿದ್ದರು. ರಜೆ ಶುರುವಾಗಿತ್ತು.