ಗಾಡಿ ನಿಂತಲ್ಲೇ ನಿಂತಿರುತ್ತೆ, ಚಕ್ರ ಓಡುತ್ತೆ!

ದಿಲ್‌ಸುಖ್‌ನಗರದ ಮೆಟ್ರೋ ಸ್ಟೇಷನ್ ಕೆಳಗೆ ಸಂಜೆ ಹೊತ್ತು ಪಿಕಪ್ ಓಡಿಸಿದವರಿಗೆ ಗೊತ್ತು, ಮೂರನೇ ಗೇರ್ ಬಿದ್ದರೆ ಅದೇ ಪುಣ್ಯ. ಅಂಥ ಕಡೆ ಇರುವ ಗೆಳೆಯ "ಟ್ಯೂನಿಂಗ್ ಮಾಡಿಸಿದೆ, ಮೂವತ್ತು ಹಾರ್ಸ್‌ಪವರ್ ಜಾಸ್ತಿ ಆಯ್ತು" ಅಂದರೆ ನಂಬೋದು ಹೇಗೆ? ವಿಜಯವಾಡ ಹೈವೇಗೆ ಹೋಗಿ ತುಳಿದು ನೋಡೋದು ಪರೀಕ್ಷೆಯಲ್ಲ, ಹುಚ್ಚಾಟ. ಪರೀಕ್ಷೆಗೆ ಡೈನೋ ಅಂತ ಒಂದು ಯಂತ್ರವಿದೆ. ನಾಲ್ಕಾರು ಪಿಕಪ್ ಮಾಲೀಕರು ಸೇರಿ, ಖರ್ಚು ಹಂಚಿಕೊಂಡು, ಒಂದು ಭಾನುವಾರ ಅದರ ಮೇಲೆ ಗಾಡಿ ಹತ್ತಿಸಿದರೆ ಅದೇ ಡೈನೋ ಡೇ.

ಕೆಲಸ ಸರಳ. ಗಾಡಿಯನ್ನು ಬೆಲ್ಟಿನಿಂದ ಬಿಗಿದು, ಹಿಂದಿನ ಚಕ್ರಗಳನ್ನು ದೊಡ್ಡ ರೋಲರ್ ಮೇಲೆ ಇಡುತ್ತಾರೆ. ಎದುರಿಗೆ ಫ್ಯಾನ್. ಐದು ಗೇರಿನ ಗಾಡಿಯಾದರೆ ಸಾಮಾನ್ಯವಾಗಿ ನಾಲ್ಕನೇ ಗೇರಿನಲ್ಲಿ ಪೂರ್ತಿ ತುಳಿಯುತ್ತಾರೆ. ರೋಲರ್ ಎಷ್ಟು ಬಲದಿಂದ ತಿರುಗಿತು ಅನ್ನೋದರಿಂದ ಕಂಪ್ಯೂಟರ್ ಟಾರ್ಕ್, ಹಾರ್ಸ್‌ಪವರ್ ಗೆರೆ ಎಳೆಯುತ್ತೆ. ಟರ್ಬೊ ಡೀಸೆಲ್‌ಗೆ ಬ್ರೇಕ್ ಇರುವ ರೋಲರ್ ಒಳ್ಳೆಯದು. ಭಾರ ಬಿದ್ದರೇ ಟರ್ಬೊ ಸರಿಯಾಗಿ ಊದೋದು.

ಇಸುಜು ವಿ-ಕ್ರಾಸ್ 2016ರಲ್ಲಿ ಇಲ್ಲಿಗೆ ಬಂದಾಗ ಅದರ 2.5 ಲೀಟರ್ ಎಂಜಿನ್‌ಗೆ 134 ಹಾರ್ಸ್‌ಪವರ್, 320 ನ್ಯೂಟನ್ ಮೀಟರ್ ಟಾರ್ಕ್. ಟಾರ್ಕ್ ಅಷ್ಟೇ ಇದ್ದರೂ 1800 ಸುತ್ತಿನಲ್ಲಿ ಪವರ್ ಸುಮಾರು 81, 2800ರಲ್ಲಿ ಸುಮಾರು 126. ಮೂಟೆ ಹೇರಿ ಫ್ಲೈಓವರ್ ಹತ್ತುವವರಿಗೆ ಬೇಕಾದ್ದು ಕೆಳಗಿನ ಸುತ್ತಿನ ಟಾರ್ಕ್. ಗೆಳೆಯರು ಕೂಗೋದು ಮಾತ್ರ ಮೇಲಿನ ಪವರ್ ನೋಡಿ!

ಡೈನೋ ಅಳೆಯೋದು ಚಕ್ರದ ಪವರ್. ಗೇರ್‌ಬಾಕ್ಸ್, ಆಕ್ಸೆಲ್ ತಮ್ಮ ಪಾಲು ತಿಂದ ಮೇಲೆ ಉಳಿದದ್ದು. ಹೊಸ ಗಾಡಿಯಲ್ಲೂ ಬ್ರೋಷರಿಗಿಂತ ಶೇಕಡ 15ರಷ್ಟು ಕಡಿಮೆ ಬಂದರೆ ಗಾಬರಿ ಬೇಡ. ಟೈರ್ ಗಾಳಿ, ಬೆಲ್ಟ್ ಬಿಗಿ, ಅಂದಿನ ಸೆಖೆ ಎಲ್ಲವೂ ಅಂಕಿ ಬದಲಿಸುತ್ತವೆ. ಹೈದರಾಬಾದ್ ಸುಮಾರು 500 ಮೀಟರ್ ಎತ್ತರ, ಬೆಂಗಳೂರು ಸುಮಾರು 900. ಹಾಗಾಗಿ ಬೆಂಗಳೂರಿನ ಭಾವನ ಚೀಟಿ ಹಿಡಿದು ಜಗಳ ಆಡಬೇಡಿ. ನಿಮ್ಮದೇ ಗಾಡಿಯನ್ನು ಅದೇ ಡೈನೋ ಮೇಲೆ ಟ್ಯೂನಿಂಗ್‌ಗೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಅಳೆದರೆ ಆ ವ್ಯತ್ಯಾಸಕ್ಕೆ ಅರ್ಥವಿದೆ. ಮುಂಚೆ ಅಳೆಯದೆ "ಮೂವತ್ತು ಏರಿತು" ಅನ್ನೋರ ಮಾತಿಗೆ ತೂಕವಿಲ್ಲ ಅಂತ ನನ್ನ ಅಭಿಪ್ರಾಯ.

ಅಂಕಿಗಿಂತ ಹೊಗೆ ನೋಡಿ. ಕಪ್ಪು ಹೊಗೆ ಬಂದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ, ನಿಮ್ಮ ದುಡ್ಡು ಸೈಲೆನ್ಸರ್‌ನಿಂದ ಹೋಗ್ತಿದೆ. ಎಂಜಿನ್ ಸುತ್ತು ಏರಿ ರೋಲರ್ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಕಂಪನಿ ಕ್ಲಚ್ ಮಾಡಿದ್ದು ಕಂಪನಿ ಟಾರ್ಕ್‌ಗೆ. ಬಾಡಿಗೆ ಓಡಿಸಿ ಕಂತು ಕಟ್ಟುವವರ ಗಾಡಿ ನಾಲ್ಕು ದಿನ ಶೆಡ್ಡಲ್ಲಿ ನಿಂತರೆ, ಏರಿದ ಪವರ್ ಯಾರಿಗೆ ಬೇಕು?

ಇನ್ನು ಕಾಯ್ದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಕಂಪನಿ ಕೊಟ್ಟ ವಿವರಕ್ಕೂ ಆರ್‌ಸಿಗೂ ತಾಳೆಯಾಗದಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿಯಿತು. ಇನ್ಶೂರೆನ್ಸ್‌ನವರಿಗೆ ತಿಳಿಸದೆ ಮಾಡಿಸಿದ ಬದಲಾವಣೆ, ಅಪಘಾತವಾದ ದಿನ ಕ್ಲೇಮಿಗೆ ಅಡ್ಡ ಬರಬಹುದು. ಹೊಗೆ ಸೋಸುವ ಫಿಲ್ಟರ್ ಕಿತ್ತು ಹಾಕೋ ಸಲಹೆಗಂತೂ ಕಿವಿ ಕೊಡಬೇಡಿ.

ಡೈನೋಗೆ ಹೋಗುವ ಮುಂಚೆ ಎಂಜಿನ್ ಆಯಿಲ್, ಕೂಲೆಂಟ್, ಟೈರ್ ನೋಡಿಕೊಳ್ಳಿ. ಹಿಂದಿನ ಸಾಮಾನೆಲ್ಲ ಇಳಿಸಿ. ಫೋರ್ ವೀಲ್ ಗಾಡಿಯಾದರೆ ಟೂ ವೀಲ್‌ಗೆ ಹಾಕಿ. ಗಾಡಿ ಓಡುವಾಗ ರೋಲರ್ ಹತ್ತಿರ, ಗಾಡಿ ಹಿಂದೆ ಯಾರೂ ನಿಲ್ಲಬಾರದು, ಮಕ್ಕಳಂತೂ ಬೇಡವೇ ಬೇಡ. ಕೊನೆಗೆ ಸಿಗುವ ಗ್ರಾಫ್ ಚೀಟಿಯ ಮೇಲೆ ತಾರೀಖು, ಕಿಲೋಮೀಟರ್ ಬರೆದು ಆರ್‌ಸಿ ಜೊತೆ ಇಡಿ. ಮುಂದಿನ ವರ್ಷ ಅದೇ ಡೈನೋ ಮೇಲೆ ಹತ್ತಿಸಿದಾಗ ಕೆಲಸಕ್ಕೆ ಬರುವುದು ಆ ಚೀಟಿಯೇ.