ಮಕ್ಕಳ ಬೆಳವಣಿಗೆಯೂ ರಕ್ತಪರೀಕ್ಷೆಯ ಅಂಕಿಯೂ

ಓರಗೆಯ ಮಕ್ಕಳೆಲ್ಲ ಎತ್ತರವಾಗುತ್ತಿರುವಾಗ ತಮ್ಮ ಮಗು ಮಾತ್ರ ಗಿಡ್ಡಾಗಿಯೇ ಉಳಿದರೆ ತಂದೆತಾಯಿಗಳಿಗೆ ಚಿಂತೆಯಾಗುವುದು ಸಹಜ. ಅಂಥ ಸಂದರ್ಭದಲ್ಲಿ ವೈದ್ಯರು ಕೆಲವೊಮ್ಮೆ ಬೆಳವಣಿಗೆಯ ಹಾರ್ಮೋನಿನ ರಕ್ತಪರೀಕ್ಷೆ ಮಾಡಿಸುತ್ತಾರೆ. ಬಂದ ಅಂಕಿಯನ್ನು ಆರೋಗ್ಯವಂತರ ಅಂಕಿಯೊಡನೆ ಹೋಲಿಸಿ ನೋಡಬೇಕಷ್ಟೆ. ಆ ಆರೋಗ್ಯದ ಎಲ್ಲೆಯನ್ನು ಗೊತ್ತುಮಾಡುವುದು ಹೇಗೆಂಬುದು ವಿಚಾರಮಾಡತಕ್ಕ ವಿಷಯ.

ಸಾಮಾನ್ಯ ಕ್ರಮವೇನೋ ಸರಳವಾಗಿದೆ. ಒಂದೊಂದು ಗುಂಪಿನಲ್ಲಿಯೂ ಕಡಮೆಯೆಂದರೆ 120 ಮಂದಿ ಆರೋಗ್ಯವಂತರ ರಕ್ತವನ್ನು ಪರೀಕ್ಷಿಸಿ, ಅಂಕಿಗಳನ್ನು ಏರುವ ಕ್ರಮದಲ್ಲಿ ಬರೆದು, ಎರಡು ತುದಿಗಳಲ್ಲಿಯೂ ನೂರಕ್ಕೆ ಎರಡೂವರೆಯಷ್ಟನ್ನು ಬಿಟ್ಟು, ನಡುವಣ 95 ಪಾಲನ್ನು ಎಲ್ಲೆಯೆಂದು ಇಟ್ಟುಕೊಳ್ಳುತ್ತಾರೆ. ಆದುದರಿಂದ ನೂರು ಮಂದಿ ಆರೋಗ್ಯವಂತರಲ್ಲಿಯೇ ಸುಮಾರು ಐವರು ಈ ಎಲ್ಲೆಯ ಹೊರಗೆ ಬೀಳುತ್ತಾರೆ.

ಬೆಳವಣಿಗೆಯ ಹಾರ್ಮೋನಿನ ವಿಷಯದಲ್ಲಿ ಇಷ್ಟರಿಂದ ಕೆಲಸ ಸಾಗದು. ಮಿದುಳಿನ ತಳದಲ್ಲಿರುವ ಬಟಾಣಿ ಕಾಳಿನಷ್ಟರ ಪಿಟ್ಯುಟರಿ ಗ್ರಂಥಿಯು ಇದನ್ನು ಒಂದೇ ಸಮನೆ ಸ್ರವಿಸುವುದಿಲ್ಲ. ಬಿಟ್ಟು ಬಿಟ್ಟು, ಅದರಲ್ಲಿಯೂ ಗಾಢನಿದ್ರೆಯಲ್ಲಿ ಹೆಚ್ಚಾಗಿ ಸ್ರವಿಸುತ್ತದೆ. ಆರೋಗ್ಯವಾಗಿರುವ ಮಗುವಿನ ರಕ್ತದಲ್ಲಿಯೂ ಹಗಲಿನ ಬಹುಭಾಗ ಇದು ತೀರ ಕಡಮೆ. ಒಮ್ಮೆ ರಕ್ತ ತೆಗೆದು ತೀರ್ಮಾನ ಹೇಳಿದರೆ, ನೀರು ಬಿಡದ ಹೊತ್ತಿನಲ್ಲಿ ಬೀದಿಯ ನಲ್ಲಿಗೆ ಕೊಡವಿಟ್ಟು ಕೆರೆಯೇ ಬತ್ತಿತೆಂದಂತಾದೀತು.

ಇನ್ಸುಲಿನ್ ಕೊಟ್ಟು ರಕ್ತದ ಸಕ್ಕರೆಯನ್ನು ಇಳಿಸಿದರೆ ಈ ಹಾರ್ಮೋನು ಏರುವುದೆಂದು ರೋಸಲಿನ್ ಯಾಲೋ, ಸಾಲೊಮನ್ ಬರ್ಸನ್ ಮತ್ತು ಅವರ ಸಂಗಡಿಗರು 1963ರಲ್ಲಿ ತೋರಿಸಿದರು. ಇಂದು ಇನ್ಸುಲಿನ್, ಕ್ಲೋನಿಡೀನ್, ಅರ್ಜಿನೀನ್ ಮುಂತಾದವುಗಳಿಂದ ಗ್ರಂಥಿಯನ್ನು ಪ್ರಚೋದಿಸಿ, ಮತ್ತೆ ಮತ್ತೆ ರಕ್ತ ತೆಗೆದು, ಬಂದವುಗಳಲ್ಲಿ ಅತಿ ಹೆಚ್ಚಿನ ಅಂಕಿಯನ್ನು ನೋಡುತ್ತಾರೆ. ತೊಡಕಿರುವುದು ಇಲ್ಲಿಯೇ. ಎಲ್ಲೆ ಗೊತ್ತುಮಾಡಲು ಆರೋಗ್ಯವಂತ ಮಕ್ಕಳು ಬೇಕು. ಆದರೆ ಕಾಯಿಲೆಯಿಲ್ಲದ ಮಗುವಿನ ಸಕ್ಕರೆಯನ್ನು ಇಳಿಸುವುದು ಅಪಾಯ, ಧರ್ಮವೂ ಅಲ್ಲ. ಹೀಗಾಗಿ ತಜ್ಞರು ಬಹುಮಟ್ಟಿಗೆ ಒಮ್ಮತದಿಂದಲೇ ಗಡಿ ಹಾಕಿದ್ದಾರೆ. ಮಿಲಿಲೀಟರಿಗೆ 10 ನಾನೋಗ್ರಾಮಿಗಿಂತ ಕಡಮೆಯಾದರೆ ಕೊರತೆಯೆಂದು ಅನೇಕರೂ, 7 ಸಾಕೆಂದು ಕೆಲವರೂ ಎಣಿಸುತ್ತಾರೆ. ಮೇಲಾಗಿ ಒಂದೇ ರಕ್ತಕ್ಕೆ ಬೇರೆ ಬೇರೆ ಪರೀಕ್ಷಾ ವಿಧಾನಗಳು ಬೇರೆ ಬೇರೆ ಅಂಕಿ ಕೊಡುವುದುಂಟು. ಸ್ಥೂಲಕಾಯದ ಮಗುವಿನಲ್ಲಿಯೂ, ಪ್ರಾಯಕ್ಕೆ ಬರುವುದು ತಡವಾದ ಮಗುವಿನಲ್ಲಿಯೂ ಕೊರತೆಯಿಲ್ಲದೆಯೇ ಅಂಕಿ ತಗ್ಗಬಹುದು.

ಈ ಹಾರ್ಮೋನಿನ ಪ್ರೇರಣೆಯಿಂದ ಮುಖ್ಯವಾಗಿ ಯಕೃತ್ತಿನಲ್ಲಿ ಹುಟ್ಟುವ ಐಜಿಎಫ್-1 ಎಂಬ ವಸ್ತು ದಿನವಿಡೀ ಹೆಚ್ಚುಕಡಮೆ ಸಮನಾಗಿರುವುದರಿಂದ ಅದನ್ನೂ ಅಳೆಯುತ್ತಾರೆ. ಅದಕ್ಕೆ ವಯಸ್ಸಿಗೊಂದು, ಗಂಡಿಗೊಂದು, ಹೆಣ್ಣಿಗೊಂದು ಎಲ್ಲೆ ಬೇಕು. ಹೊಟ್ಟೆಗೆ ಸಾಲದ ಮಗುವಿನಲ್ಲಿಯೂ ಅದು ಇಳಿಯುತ್ತದೆ.

ಕೊರತೆಯೆಂದು ನಿಶ್ಚಯವಾದರೆ ವರ್ಷಗಟ್ಟಲೆ ಚುಚ್ಚುಮದ್ದು, ಅದರ ಖರ್ಚೂ ಬಹಳ. ಕೊರತೆಯಿದ್ದೂ ತಿಳಿಯದೆ ಹೋದರೆ ಬೆಳೆಯುವ ವಯಸ್ಸು ಮರಳಿ ಬಾರದು. ಆದುದರಿಂದ ವೈದ್ಯರು ಅಂಕಿಯೊಂದನ್ನೇ ನಂಬದೆ, ಮಗು ವರ್ಷಕ್ಕೆ ಎಷ್ಟು ಬೆಳೆಯಿತೆಂಬುದನ್ನೂ ತಂದೆತಾಯಿಗಳ ಎತ್ತರವನ್ನೂ ಅದರ ಜೊತೆಗಿಟ್ಟು ತೂಗಿ ನೋಡುವುದು ಯುಕ್ತವಾಗಿಯೇ ಇದೆ.